ಬೆರಳು ಆಡದ ಹಾಳೆಗಳು

ಅಧ್ಯಕ್ಷರೇ, ಇಂದು ಪದಕ ಪಡೆದಿರುವ ಪ್ರೊಫೆಸರ್ ಗಾವ್ರೊನ್ ಅವರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಕಾಫಿಗಾಗಿ ಕಾದಿರುವ ಸಭಿಕರೇ,

ಪ್ರೊಫೆಸರರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಜನರ ತಲೆಗೆ ತಂತಿ ಅಂಟಿಸಿದ ಲುದ್ವಿಕ್ ನಾನು. ತೊರೂನ್ ಪಟ್ಟಣದ ಅರ್ಧ ಜನರ ತಲೆಹೊಟ್ಟು ನನಗೆ ಪರಿಚಿತ.

'ಮನಸ್ಸು ಬಂದಾಗ ಗುಂಡಿ ಒತ್ತಿ' ಎನ್ನುತ್ತಿದ್ದೆವು. ಒತ್ತಬೇಕೆಂದು ಅವರಿಗೆ ಅನ್ನಿಸುವ ಮೊದಲೇ ಕಾಗದದ ಮೇಲೆ ಮೆದುಳಿನ ಗೆರೆ ಏರುತ್ತಿತ್ತು. ನಿರ್ಧರಿಸುವವರು ನಾವಲ್ಲ, ನಮಗೆ ಸುದ್ದಿ ತಡವಾಗಿ ಮುಟ್ಟುತ್ತದೆ: ಇದು ಪ್ರೊಫೆಸರರ ಸಿದ್ಧಾಂತ.

ಅದು ನನಗೂ ಒಮ್ಮೆ ಔಷಧಿಯಾಗಿತ್ತು. ಸೇನೆ ನಮ್ಮನ್ನಾಳಿದ ಮಾರ್ಷಲ್ ಲಾ ಕಾಲದಲ್ಲಿ ನನ್ನಣ್ಣ ಝೆನೆಕ್ ಸರ್ಕಾರದ ನಿಷ್ಠಾಪತ್ರಕ್ಕೆ ಸಹಿ ಹಾಕಿದ. ಅದು ದ್ರೋಹವೆಂದು ಐದು ವರ್ಷ ನಾನು ಅವನೊಡನೆ ಮಾತು ಬಿಟ್ಟೆ. ಆಮೇಲೊಂದು ಕ್ರಿಸ್‌ಮಸ್ ಹಿಂದಿನ ಸಂಜೆ, ಎಲ್ಲರಂತೆ ನಾನೂ ಕರೆಯದೆ ಬರುವ ಅತಿಥಿಗೆಂದು ಖಾಲಿ ತಟ್ಟೆಯೊಂದನ್ನು ಇಟ್ಟು ಕೂತಿದ್ದೆ. ಬಾಗಿಲು ಬಡಿದ ಸದ್ದು, ಹೊರಗೆ ಅಣ್ಣನ ದನಿ.

"ಲೂದೆಕ್, ತೆಗಿಯೋ. ಬೀಟ್ರೂಟ್ ಸಾರಿನ ವಾಸ್ನೆ ಮೆಟ್ಟಿಲ ತನಕ ಬರ್ತಿದೆ. ಆ ತಟ್ಟೆ ಯಾರಿಗಿಟ್ಟಿದ್ದೀಯೋ, ಬಿಷಪ್ಪರಿಗಾ?"

ಕೈ ಚಿಲಕದ ತನಕ ಹೋಯಿತು. ನಿಂತಿತು.

"ಸರಿ ಬಿಡಪ್ಪಾ. ಮೀನಲ್ಲಿ ಮುಳ್ಳಿರತ್ತೆ, ನೋಡ್ಕೊಂಡು ತಿನ್ನು" ಎಂದು ಅಣ್ಣ ಇಳಿದುಹೋದ. ಫೆಬ್ರವರಿಯಲ್ಲಿ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟೆ.

"ಅಳ್ಬೇಡಿ ಲುದ್ವಿಕ್ ಅವ್ರೇ. ಅದು ನೀವು ಮಾಡಿದ್ದಲ್ಲ, ನಿಮ್ಮ ಮೆದುಳು ಮೊದ್ಲೇ ತೀರ್ಮಾನ ಮಾಡಿತ್ತು" ಎಂದರು ಪ್ರೊಫೆಸರ್. ಎಷ್ಟು ಕರುಣೆ! ಎಷ್ಟು ಸುಲಭ!

ಆದರೆ ಸ್ವಾಮಿ, ಗೆರೆ ಏರಿಯೂ ಬೆರಳು ಆಡದ ಹಾಳೆಗಳಿದ್ದವಲ್ಲ? "ಒತ್ತೋಣ ಅಂತಿದ್ದೆ, ಬೇಡ ಅನ್ನಿಸ್ತು" ಎಂದವರ ಹಾಳೆಗಳು? 'ಕೆಟ್ಟಿವೆ, ಕಸಕ್ಕೆ ಹಾಕಿ' ಎಂದಿರಿ. ಹಾಕಲಿಲ್ಲ. ಮನೆಯಲ್ಲಿಟ್ಟು ಇಂದಿಗೂ ನೋಡುತ್ತೇನೆ. ಮೆದುಳು ಸಿದ್ಧವಾಗಿದ್ದಾಗ ಬೇಡವೆಂದವರು ಯಾರು? ಚಿಲಕದ ಮೇಲಿದ್ದ ನನ್ನ ಕೈಯನ್ನು ತಡೆದವರು ಯಾರು? ನಾನು. ನಾನೇ. ಅಣ್ಣನ ನೆನಪಾಗಿ ನನ್ನ ಬಳಿ ಉಳಿದಿರುವುದು ಆ ತಪ್ಪೊಂದೇ. ಅದನ್ನು ನನ್ನಿಂದ ಕಿತ್ತುಕೊಂಡಿದ್ದೀರಿ, ವಾಪಸ್ ಕೊಡಿ.

ನಿಮ್ಮಾಕೆ ತೀರಿಕೊಂಡ ಮೇಲೆ ನೀವೂ ಒಬ್ಬರೇ ಎಂದು ಕೇಳಿದೆ, ಪ್ರೊಫೆಸರೇ. ಈ ಡಿಸೆಂಬರಿನಲ್ಲೂ ನನ್ನ ಮೇಜಿನ ಮೇಲೆ ಎರಡು ತಟ್ಟೆಗಳಿರುತ್ತವೆ. ಚಿಲಕ ಹಾಕಿರುವುದಿಲ್ಲ. ಬನ್ನಿ. ಬಾರದಿದ್ದರೆ, ದಯವಿಟ್ಟು, ಅದರ ಹೊಣೆಯನ್ನು ಮೆದುಳಿನ ಮೇಲೆ ಹಾಕಬೇಡಿ.

ಐದು ನಿಮಿಷ ಕೊಟ್ಟ ಅಧ್ಯಕ್ಷರಿಗೂ, ಕೆಮ್ಮದೆ ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.