ಮರುಚಾಲನೆ ವೆಚ್ಚ: ಶೂನ್ಯ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಾಂ, ಗಾಜಿನ ಕಾರ್ಖಾನೆನೇ. ಫರ್ನೇಸ್ ನೋಡ್ಕೊಳ್ಳೋ ಮೇಲ್ವಿಚಾರಕಿ ನಾನೇ. ತಾವ್ಯಾರು?...

ಏನು? ಅಪಾಯ ನಿರ್ವಹಣಾ ವಿಭಾಗದ ಉಪ ಮುಖ್ಯಸ್ಥರಾ? ಮುಖ್ಯ ಕಚೇರಿಯಿಂದಾ?... ಅಬ್ಬಬ್ಬಾ, ಎಷ್ಟುದ್ದದ ಹೆಸರಪ್ಪಾ. "ಅಕ್ಕಾ, ನಾನು ಗುಂಡ" ಅಂದಿದ್ರೆ ನಾಲಿಗೆ ಸವೆದು ಹೋಗ್ತಿತ್ತಾ?...

ಆಫೀಸ್ ಫೋನು ಅಂತ ನನಗೂ ಗೊತ್ತು ಕಣೋ. ನಾಲ್ಕು ದಿನದಿಂದ ಮೊಬೈಲಿಗೆ ಮಾಡ್ತಿದ್ದೀನಿ, ಎತ್ತಿದ್ಯಾ? ಒಡಹುಟ್ಟಿದೋಳ ಫೋನ್ ಎತ್ತೋಕೆ ಪುರುಸೊತ್ತಿಲ್ಲ. ಈಗ ನೀನಾಗೇ ಮಾಡಿ, ಅಂಗಳದಲ್ಲಿದ್ದೋಳನ್ನ ಎರಡು ಮಹಡಿ ಹತ್ತಿಸಿ ಕರೆಸಿದ್ದೀಯ. ಏನಪ್ಪಾ ಅಪ್ಪಣೆ?...

ಗೊತ್ತು. ಸಂಜೆ ಐದಕ್ಕೆ ಗ್ಯಾಸ್ ನಿಲ್ಲುತ್ತೆ. ನೋಟೀಸ್ ಬಾಗಿಲಿಗೇ ಅಂಟಿಸಿದ್ದಾರೆ. ಈಗಿನ್ನೂ ಮೂರೂವರೆ. ಬೇರೆ ಏನಾದ್ರೂ ಇದ್ರೆ ಹೇಳು...

ಹಾಂ, ಓದಿದೆ ನಿನ್ನ ವರದಿ. ಅರವತ್ತೆರಡು ಪುಟ. "ಉದಯೋನ್ಮುಖ ಮಾರುಕಟ್ಟೆಯ ಆರ್ಥಿಕ ಅಪಾಯಗಳು." ಉದಯೋನ್ಮುಖ ಅಂತೆ! ಇವರು ಈಗಷ್ಟೇ ಏಳ್ತಿದ್ದಾರೆ ಅಂತ ನೀನೇ ಬರೆದು, ಮುಂದಿನ ಪುಟದಲ್ಲಿ ಒಲೆ ಆರಿಸಿ ಅಂತೀಯಲ್ಲ, ಯಾವ ನ್ಯಾಯನೋ ಇದು?...

ಸುಳ್ಳು ಬರೆದಿದ್ದೀಯ ಅಂತ ನಾನೆಲ್ಲಿ ಅಂದೆ? ನಾಲ್ಕು ತಿಂಗಳಲ್ಲಿ ನಮ್ಮ ದುಡ್ಡು ಡಾಲರ್ ಮುಂದೆ ಮೂರನೇ ಒಂದು ಭಾಗ ಕರಗಿ ಹೋಗಿದೆ. ನಿಜ. ಗ್ಯಾಸಿಗೆ ಡಾಲರ್ ಸುರಿಯಬೇಕು, ಔಷಧಿ ಬಾಟಲಿ ಮಾರೋದು ನಮ್ಮ ದುಡ್ಡಿಗೆ. ಅದೂ ನಿಜ. ಬಾಟಲಿ ಬೆಲೆ ಏರಿಸಬಾರದು ಅಂತ ಸರ್ಕಾರ, ಲಾಭ ದೇಶದ ಹೊರಗೆ ಕಳಿಸಬಾರದು ಅಂತ ಸರ್ಕಾರದ ದೊಡ್ಡ ಬ್ಯಾಂಕು. ಎಲ್ಲಾ ನಿಜಾನೇ ಗುಂಡ. ವಾರವಾರ ಚೀಲ ಹಿಡ್ಕೊಂಡು ತರಕಾರಿಗೆ ಹೋಗೋಳು ನಾನು. ನಿನ್ನ ಗ್ರಾಫ್ ನೋಡಿ ತಿಳ್ಕೋಬೇಕಾ ಇದನ್ನ?...

ನಲವತ್ತೊಂದನೇ ಪುಟ ತೆಗಿ... ತೆಗಿ ಅಂದೆ. ಓದು... "ಘಟಕವನ್ನು ಮೂರು ತಿಂಗಳು ತಾತ್ಕಾಲಿಕವಾಗಿ ಸ್ಥಗಿತಗೊಳಿಸುವುದು." ಹಾಂ. ಆಮೇಲಿನ ಸಾಲು?... ಬಿಡು, ನನಗೆ ಬಾಯಿಪಾಠ ಆಗಿದೆ, ಕೇಳು. "ಮರುಚಾಲನೆ ವೆಚ್ಚ: ಶೂನ್ಯ."...

ಶೂನ್ಯ! ಲೋ, ಫರ್ನೇಸಿನ ಹೊಟ್ಟೆಯೊಳಗೆ ತೊಂಬತ್ತು ಟನ್ ಕರಗಿದ ಗಾಜಿದೆ. ಹನ್ನೊಂದು ವರ್ಷದಿಂದ ಒಂದು ಗಳಿಗೆನೂ ಆರಿಲ್ಲ ಅದು. ರಜೆ ದಿನ ಆರಿಲ್ಲ, ಗಲಾಟೆ ಆಗಿ ಊರೆಲ್ಲ ಬಾಗಿಲು ಹಾಕ್ಕೊಂಡಾಗ ಆರಿಲ್ಲ. ಬೆಂಕಿ ನಿಂತ್ರೆ ಗಾಜು ಒಳಗೇ ಕಲ್ಲಾಗಿ ಕೂರುತ್ತೆ. ಚಾವಣಿ ಇಟ್ಟಿಗೆ ಒಂದೊಂದೇ ಸೀಳುತ್ತೆ. ಮತ್ತೆ ಹಚ್ಚೋದು ಅಂತ ಇಲ್ಲ. ಒಡೆದು ಬಿಸಾಕಿ ಹೊಸದು ಕಟ್ಟಬೇಕು. ದುಡ್ಡು ಹೊರಗೆ ಬರಲ್ಲ ಅಂತ ಹೆದರಿರೋ ನಿನ್ನ ಹೊರದೇಶದ ಧಣಿಗಳು ಹೊಸ ಫರ್ನೇಸ್ ಕಟ್ತಾರಾ? ಹೇಳು, ಕಟ್ತಾರಾ?...

ಕಟ್ಟಲ್ಲ ಅಲ್ವಾ. ಮತ್ತೆ ತಾತ್ಕಾಲಿಕ ಅಂತ ಯಾಕೆ ಬರೆದೆ?...

"ನಾನು ಅಲ್ಲೇ ಕೆಲಸ ಮಾಡಿದೋನು" ಅಂತ ಹೇಳಿದ್ಯಂತೆ ಅವರಿಗೆ. ಅದಕ್ಕೇ ನಂಬಿದ್ದಾರೆ. ಯಾವ ವಿಭಾಗದಲ್ಲಿ ಅಂತ ಹೇಳಿದ್ಯಾ?... ಪ್ಯಾಕಿಂಗಲ್ಲಿ! ಬಿಸಿ ತಡೆಯೋಕಾಗಲ್ಲ ಅಂತ ಎರಡು ವರ್ಷ ಫರ್ನೇಸ್ ಕಡೆ ತಲೆ ಹಾಕಿ ಮಲಗಿದೋನಲ್ಲ ನೀನು. ಪ್ಯಾಕಿಂಗ್ ಬೆಲ್ಟು ಕೆಂಪು ಗುಂಡಿ ಒತ್ತಿದ್ರೆ ನಿಲ್ಲುತ್ತೆ, ಹಸಿರು ಒತ್ತಿದ್ರೆ ಓಡುತ್ತೆ. ಇಡೀ ಕಾರ್ಖಾನೆ ಹಾಗೇ ಅಂದ್ಕೊಂಡ್ಬಿಟ್ಟೆ. ಅಲ್ವಾ?...

ಹಾಂ. ಒಪ್ಕೊಂಡ್ಯಲ್ಲ, ಪುಣ್ಯ. ಯಾವಾಗ ಗೊತ್ತಾಯ್ತು ತಪ್ಪು ಅಂತ?... ಹತ್ತು ದಿನ? ಹತ್ತು ದಿನದಿಂದ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?...

ನಿನ್ನ ಕೆಲಸ ಹೋಗುತ್ತೆ, ಸರಿ. ಇಲ್ಲಿ ಇನ್ನೂರ ನಲವತ್ತು ಜನದ ಕೆಲಸ ಹೋಗುತ್ತೆ. ಅದರಲ್ಲಿ ನಿನ್ನ ಭಾವನೂ ಒಬ್ಬ, ನಾನೂ ಒಬ್ಬಳು. ಐವತ್ತೆರಡು ವಯಸ್ಸಿಗೆ ಫರ್ನೇಸಿನೋಳಿಗೆ ಯಾರೋ ಕೆಲಸ ಕೊಡ್ತಾರೆ? ನಿನ್ನ ವರದಿಯಲ್ಲಿ ಎಲ್ಲಾ ಅಪಾಯನೂ ಇದೆ. ನೀನೊಬ್ಬ ಇಲ್ಲ ನೋಡು ಅದರಲ್ಲಿ...

ಅಮ್ಮನ ಮಾತು ಎತ್ತಬೇಡ. ಎತ್ತಬೇಡ ಅಂದೆ! ದುಡ್ಡು ಕಳಿಸ್ತೀಯ, ಇಲ್ಲ ಅಂದೋರ್ಯಾರು? ರಾತ್ರಿ ಎಬ್ಬಿಸಿ ಕೂರಿಸಿ ಮಾತ್ರೆ ನುಂಗಿಸೋಳು ನಾನು. ಅದನ್ನ ಯಾವ ಪುಟದಲ್ಲಿ ಹಾಕ್ತೀಯ?...

...

ಏನಂದೆ?... ಇನ್ನೊಂದ್ಸಲ ಹೇಳು... ಬೇರೆ ದಾರಿ ಇದೆಯಾ ಅಂತಾನಾ?...

ಇದೆ. ಇದೆ ಕಣೋ! ಇದನ್ನೇ ಹೇಳೋಕೆ ನಾಲ್ಕು ದಿನದಿಂದ ಬಡ್ಕೊಳ್ತಿರೋದು. ಬಾಟಲಿ ಮಾಡೋದು ಬೇಡ. ಬೆಂಕಿ ಮಾತ್ರ ಸಣ್ಣಗೆ ಇಟ್ಕೊಂಡಿರೋಣ. ಈಗ ಉರಿಸೋದರಲ್ಲಿ ಅರ್ಧ ಗ್ಯಾಸ್ ಸಾಕು. ಗಾಜು ಗಟ್ಟಿಯಾಗಲ್ಲ, ಇಟ್ಟಿಗೆ ಸೀಳಲ್ಲ. ಮೂರು ತಿಂಗಳಾಗ್ಲಿ, ಆರು ತಿಂಗಳಾಗ್ಲಿ, ಮಗು ಥರ ನೋಡ್ಕೊಳ್ತೀವಿ...

ಹಾಂ, ಹೇಳ್ತೀನಿ. ಬರ್ಕೊಳ್ತಿದ್ದೀಯಾ?... ಈಗ ಸಾವಿರದ ಐನೂರು ಡಿಗ್ರಿ ಇದೆ. ಸಾವಿರದ ಇನ್ನೂರಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬೇಡ... ನಿಧಾನಕ್ಕೆ ಇಳಿಸಬೇಕು, ಮೂರು ದಿನ ಹಿಡಿಯುತ್ತೆ...

ಎಷ್ಟು ಬರ್ನರಾ? ಎಂಟು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು... ಜನಾನಾ? ಪಾಳಿಗೆ ಆರು ಜನ ಸಾಕು. ಸಂಬಳ ಅರ್ಧ ಕೊಟ್ರೂ ಬರ್ತೀವಿ ಅಂದಿದ್ದಾರೆ. ನಾನೇ ಕೇಳಿದ್ದೀನಿ...

ನಿಧಾನ ಆಗ್ಲಿ ಬಿಡು, ತಾಳ್ಮೆಯಿಂದ ಬರ್ಕೋ. ಗುಂಡ, ಕೋಪದಲ್ಲಿ ಏನೇನೋ ಅಂದ್ಬಿಟ್ಟೆ. ನೀನು ಕೆಟ್ಟೋನಲ್ಲ, ಹೆದರುಪುಕ್ಕಲ ಅಷ್ಟೇ. ಅವರಿಗೆ ಇದನ್ನ ಹೇಳ್ತೀಯಲ್ಲ? ಐದರೊಳಗೆ ಹೇಳ್ತೀಯಲ್ಲ?...

ಇನ್ನೊಂದ್ಸಲಾನಾ? ಹೇಳಿದ್ನಲ್ಲ, ಎಂಟು ಬರ್ನರು...

ಎಷ್ಟು ಟನ್ನಾ? ಅದನ್ನೂ ಹೇಳಿದೆ. ತೊಂಬತ್ತು. ಎಷ್ಟು ಸಲ ಕೇಳ್ತೀಯೋ...

ತಾಳು, ಫಿಟ್ಟರ್ ಓಡ್ಬಂದ್ರು. ಏನಪ್ಪಾ?... ಏನು?... ಗ್ಯಾಸಿನೋರು ಒಳಗೆ ಬಂದ್ರಾ? ಇನ್ನೂ ನಾಲ್ಕು ಗಂಟೆ ಆಗಿಲ್ವಲ್ಲ! ಗೇಟು ತೆಗೆದೋರ್ಯಾರು?... ಮ್ಯಾನೇಜರ್ರಾ?...

ಗುಂಡ. ಗ್ಯಾಸಿನೋರು ಬಂದಿದ್ದಾರೆ. ಐದು ಗಂಟೆಗೆ ಅಂದಿದ್ಯಲ್ಲ ನೀನು... ಏನಂದೆ? ಕ್ಷಮಿಸು ಅಂತಾನಾ?...

ಓಹೋ.

ಮೊನ್ನೆ ಅಂಗಳದಲ್ಲಿ ಗ್ಯಾಸ್ ವಾಲ್ವ್ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ದೆ ಅಂತ, ಗ್ಯಾಸಿನೋರು ಅವತ್ತು ಮುಚ್ಚೋಕಾಗದೆ ವಾಪಸ್ ಹೋದ್ರು ಅಂತ... ಇವತ್ತು ನನ್ನನ್ನ ಅಲ್ಲಿಂದ ಎಬ್ಬಿಸೋಕೆ ಈ ಫೋನು. ಹೌದಾ?... ಬರ್ಕೊಳ್ಳಲೇ ಇಲ್ಲ ಅಲ್ವಾ ನೀನು? ಕೈಯಲ್ಲಿ ಪೆನ್ನಾದ್ರೂ ಇತ್ತಾ?...

ಬೇರೆ ಯಾರು ಫೋನ್ ಮಾಡಿದ್ರೂ ನಾನು ಮೇಲೆ ಹತ್ತಿ ಬರ್ತಿರಲಿಲ್ಲ ಕಣೋ. ಅದು ಗೊತ್ತಿತ್ತು ಅವರಿಗೆ. ನೀನೇ ಹೇಳಿರ್ತೀಯ... ಅಳಬೇಡ. ಅಳಬೇಡ, ಅಸಹ್ಯ ಆಗುತ್ತೆ ನನಗೆ...

ಫಿಟ್ಟರ್ರೇ, ಓಡಿ! ಫರ್ನೇಸ್ ತಳದ ತೂತು ಬಿಚ್ಚಿ, ಕಲ್ಲಾಗೋ ಮುಂಚೆ ಎಷ್ಟು ಇಳಿಯುತ್ತೋ ಅಷ್ಟು ಗಾಜು ಇಳಿಸಿ! ಎಲ್ಲರನ್ನೂ ಕರೀರಿ, ಪ್ಯಾಕಿಂಗಿನೋರನ್ನೂ!... ಏನು? ಮುಚ್ಚಿಬಿಟ್ರಾ?... ಪೂರ್ತಿನಾ?...

ಗುಂಡ, ಇದ್ದೀಯಾ? ಫೋನ್ ಇಡಬೇಡ. ಗ್ಯಾಸ್ ಮುಚ್ಚಿದ್ರಂತೆ. ಕಿಟಕಿಯಿಂದ ಕಾಣ್ತಿದೆ ನನಗೆ... ಎಡಗಡೆ ಎರಡು ಬರ್ನರ್ ಹೋಯ್ತು. ಮೂರು. ನೀನು ನೋಡದೇ ಬರೆದ್ಯಲ್ಲ, ನಾನು ನೋಡಿ ಹೇಳ್ತೀನಿ, ಕೊನೇವರೆಗೂ ಕೇಳು. ಅಷ್ಟಾದ್ರೂ ಮಾಡು... ನಾಲ್ಕು. ಎಡಗಡೆ ಪೂರ್ತಿ ಕತ್ತಲೆ. ಬಲಕ್ಕೆ... ಐದು. ಆರು... ಗುಂಡ? ಕೇಳ್ತಿದ್ದೀಯಾ?... ಹಲೋ?... ಹಲೋ...