ಉಗ್ರಾಣದ ಕೀಲಿಗೊಂಚಲು

ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ನನ್ನ ತಂಗಿಯ ಮಗಳಿಗೇ ಆದದ್ದು. ನಾನೇ ಅಲ್ಲಿದ್ದೆ.

ಅವಳಿಗೆ ಆಗ ಏಳು ತಿಂಗಳು. ಹೊಟ್ಟೆಯೊಳಗಿನ ಕೂಸಿನ ಎದೆಯಲ್ಲಿ ರಕ್ತ ಸರಿಯಾಗಿ ಹರೀತಿಲ್ಲ ಅಂದಿದ್ದರು ಡಾಕ್ಟರು. ಯಾವ ನಾಳದಲ್ಲಿ ಎಷ್ಟು ಹರೀತಿದೆ ಅಂತ ಎಮ್ಆರ್‌ಐ ಯಂತ್ರದಲ್ಲಿ ಗೊತ್ತಾದರೆ, ಹುಟ್ಟಿದ ದಿನವೇ ಆಪರೇಷನ್‌ಗೆ ಸಿದ್ಧ ಇರಬಹುದು. ಗೊತ್ತಾಗದಿದ್ದರೆ ಕೂಸು ಉಳಿಯೋದು ಕಷ್ಟ ಅಂದರು.

ಕತ್ತಲಾಗಿತ್ತು. ಆಸ್ಪತ್ರೆಯ ಹಿಂದೆ, ಕಲ್ಲು ಮುಚ್ಚಿದ ಹಳೇ ಬಾವಿ ದಾಟಿ ಆ ಕೋಣೆ. ನಮ್ಮದೇ ಕೊನೇ ಸರದಿ. ಯಂತ್ರ ನಡೆಸೋ ಹುಡುಗಿ ಬಾಗಿಲಲ್ಲೇ ತಡೆದಳು. ಒಳಗಿರೋದು ದೊಡ್ಡ ಅಯಸ್ಕಾಂತವಂತೆ, ಒಂದು ಪಿನ್ನೂ ಹೋಗಕೂಡದಂತೆ.

"ಅಜ್ಜೀ, ಮೈಮೇಲೆ ಕಬ್ಬಿಣ ಏನಾದರೂ ಇದೆಯಾ?"

"ಬಾಯಲ್ಲಿ ಹಲ್ಲೇ ಇಲ್ಲ ತಾಯಿ, ಕಬ್ಬಿಣ ಎಲ್ಲಿಂದ ತರಲಿ?"

ನಕ್ಕಳು. ಆಮೇಲೆ ಯಾರೂ ನಗಲಿಲ್ಲ.

ಮಗಳನ್ನು ಕೊಳವೆಯೊಳಗೆ ಸರಿಸಿದರು. ನಾನು ಗಾಜಿನ ಈಚೆ, ಹುಡುಗಿ ಪಕ್ಕ ಕೂತೆ. ಟಕ್ ಟಕ್ ಟಕ್... ಘರ್ರ್... ಕೂಸು ಒದೆಯಿತು. ಚಿತ್ರ ಕಲಸಿಹೋಯಿತು. ಮತ್ತೆ ಶುರು ಮಾಡಿದರು. ಮತ್ತೆ ಒದೆಯಿತು.

"ಇನ್ನೊಂದೇ ಸಲ," ಹುಡುಗಿ ಪಿಸುಗುಟ್ಟಿದಳು. "ಇದೂ ಕೆಟ್ಟರೆ ನಿಲ್ಲಿಸಬೇಕು ಅಜ್ಜೀ."

ಒಳಗೆ ಚುಯ್ಕ್... ಚುಯ್ಕ್ ಅನ್ನೋ, ಯಂತ್ರ ತಣ್ಣಗಿಡೋ ಪಂಪಿನ ಸದ್ದು ಮಾತ್ರ. ಆಗ ಒಳಗಿನ ಮೈಕಿನಿಂದ ಕೇಳಿಸಿತು...

ಝಣ್ ಝಣ್... ಝಣ್.

"ಒಳಗೆ ಕೀಲಿ ತಗೊಂಡು ಹೋದೋರು ಯಾರು?" ಹುಡುಗಿ ಧಡಕ್ಕನೆ ಎದ್ದಳು. ಗಾಜಿನಾಚೆ ಯಾರೂ ಇಲ್ಲ.

ಎರಡು ಸಲ, ಸ್ವಲ್ಪ ತಡೆದು ಮತ್ತೊಂದು... ಆ ತಾಳ ನನಗೆ ಗೊತ್ತು. ನನ್ನ ತಂಗಿ ಗಿರಣಿಯ ಉಗ್ರಾಣ ನೋಡ್ಕೊಳ್ತಿದ್ದಳು. ಸೊಂಟದಲ್ಲಿ ಐದು ಕಬ್ಬಿಣದ ಕೀಲಿ. ಈ ಮಗಳು ಕೂಸಾಗಿದ್ದಾಗ ಅತ್ತರೆ, ಹಾಗೇ ಅಲ್ಲಾಡಿಸಿ ಮಲಗಿಸ್ತಿದ್ದಳು. ತಂಗಿ ಹೋಗಿ ಮೂರು ವರ್ಷ ಆಗಿತ್ತು. ಆ ಗೊಂಚಲು ನಮ್ಮ ಮನೇಲಿ, ನನ್ನ ಟ್ರಂಕಿನೊಳಗೆ.

"ನಡೆಸು ತಾಯಿ," ಅಂದೆ. "ನಿಲ್ಲಿಸಬೇಡ."

ನಡೆಸಿದಳು. ಕೂಸು ಮಿಸುಕಲಿಲ್ಲ. ಪರದೆ ಮೇಲೆ ಪುಟ್ಟ ಎದೆ, ಬೆಳ್ಳಗೆ ಹರಿಯೋ ರಕ್ತ... ಎಲ್ಲ ಸ್ಪಷ್ಟ.

ಹೊರಗೆ ಬಂದ ಮಗಳು ಕೇಳಿದ್ದು ಒಂದೇ. "ದೊಡ್ಡಮ್ಮಾ, ಅಮ್ಮ ಬಂದಿದ್ದಳಾ?"

ಹುಟ್ಟಿದ ದಿನವೇ ಆಪರೇಷನ್ ಆಯಿತು. ಆ ಕೂಸೇ ಈಗ ನಿಮ್ಮ ಪಕ್ಕ ಕೂತು ಉಗುರು ಕಚ್ತಿರೋದು.

ಸುಳ್ಳು ಹೇಳಿ ನನಗೇನಾಗಬೇಕು? ಅವತ್ತು ಮನೆಗೆ ಬಂದು ಟ್ರಂಕಿನ ಬೀಗ ತೆಗೆದೆ. ಗೊಂಚಲು ಇಟ್ಟಲ್ಲೇ ಇತ್ತು. ಐದೂ ಕೀಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇವತ್ತಿಗೂ ಹೊಲಿಯೋ ಸೂಜಿ ಬಿದ್ದರೆ ನಾನು ಆ ಗೊಂಚಲನ್ನೇ ನೆಲದ ಮೇಲೆ ಆಡಿಸೋದು... ಸೂಜಿ ಟಿಕ್ ಅಂತ ಬಂದು ಹಿಡ್ಕೊಳ್ಳುತ್ತೆ.