ಪರಭಣಿಯ ಸೀಟು

ನಗಬ್ಯಾಡ ಪೂನಮ, ಖರೇನ ಹೇಳಾಕತ್ತೀನಿ! ರೊಟ್ಟಿಗೆ ಹಚ್ಕೊಳ್ಳಾಕ ಎರಡ ಡಬ್ಬಿ ಶೇಂಗಾ ಹಿಂಡಿ ಬೇಕಾಗ್ತದ. ಹಾಸ್ಟೆಲ್ ಊಟ ಅಂದ್ರ... ಪರಭಣಿ ಏನ ಸೋಲಾಪುರದ ಬಾಜೂಕ ಅದ? ಅಕ್ಕ ಕಟ್ಟಿದ್ದು ಸುಮ್ನ ಒಯ್ಯಿ.

ದನದ ಡಾಕ್ಟರ್! ಅರಿವಿ ವ್ಯಾಪಾರಿ ಶಾಂತಲಿಂಗಪ್ಪನ ಮಗಳಿಗೆ ದನದ ಡಾಕ್ಟರ್ ಕಾಲೇಜಿನಾಗ ಸೀಟು! ಅಜ್ಜಿ ಊರು ತಡವಳದಾಗ ಎಮ್ಮಿ ಈಯೂವಾಗ ಕರ ಅಡ್ಡ ಸಿಕ್ಕಿತ್ತು, ನೀ ಮೊಣಕೈ ತನಕ ಕೈ ಹಾಕಿ... ಹದಿನಾಕ ವರ್ಷದಾಕಿ! ನಾ ಅತ್ಲಾಗ ವಾಂತಿ ಮಾಡಾಕತ್ತಿದ್ದೆ. "ಮನೀಷಕ್ಕಾ, ನಾ ಇದನ್ನ ಕಲೀತೀನಿ" ಅಂದಿ. ಆದ್ರ ಅಪ್ಪನ ಮುಂದ? ತುಟಿ ಪಿಟಕ್ಕನಲಿಲ್ಲ!

ಆ ಬಾಯಿ ಬಿಡಿಸಿದಾಕಿ ಯಾರು? ಹೇಳ... ನಾನ! ಕನ್ನಡಿ ಮುಂದ ನಿಂದ್ರಿಸಿ, "ಇನ್ನೊಮ್ಮಿ ಹೇಳು, ತಲಿ ಎತ್ತಿ ಹೇಳು" ಅಂತ ಎರಡ ವರ್ಷ. ಅಕ್ಕಲಕೋಟದ ದನದ ದವಾಖಾನಿಗೆ ಕರಕೊಂಡ ಹೋದಾಕೀನೂ ನಾನ. ಅಲ್ಲಿ ಡಾಕ್ಟರಬಾಯಿ ಜೋಡಿ ನಾಕ ದಿನ ನಿಂತಿ, ಸೂಜಿ ಹಿಡದಿ, ಅಂಜಿಕಿ ಹೋತು. ಆಮ್ಯಾಲೆ ಒಂದಿನ ದುಕಾನದಾಗ ಅಪ್ಪನ ಎದುರು ತಲಿ ಎತ್ತಿ ಕೇಳೇ ಬಿಟ್ಟಿ... ಗಿರಾಕಿ ಸೈತ ಸೀರಿ ಬಿಟ್ಟು ನಿನ್ನ ನೋಡಿದ್ರು! ಅಪ್ಪ "ಆತು" ಅಂದ. ಒಂದ ಮಾತಿನಾಗ.

ನಂದೇನು... ವಕೀಲಿ ಕಲೀಬೇಕಂತ ಮನಸಿತ್ತು, ಅಪ್ಪನ ಮುಂದ ಹೇಳಾಕ ಬಾಯಿ ಬರಲಿಲ್ಲ. ಬಿಡು ಆ ಮಾತ.

ಯಾಕ ಹಂಗ ನೋಡ್ತಿ? ಕಾಲೇಜಿಗೆ ಹಾಜರಾಗೂ ತಾರೀಖು ಇನ್ನೂ ಬಂದಿಲ್ಲ ಪೂನಮ. ಫಾರ್ಮಿಗೆ ನನ್ನ ಫೋನ್ ನಂಬರ್ ಕೊಟ್ಟೀವಿ ಖರೆ, ಆದ್ರ... ಬರ್ತದ! ವೆಬ್‌ಸೈಟ್ ಬಂದ್ ಬಿದ್ದಿರಬೇಕು... ಫೋನ್ ಯಾಕ? ಚಾರ್ಜ್ ಇಲ್ಲ ಅದಕ್ಕ.

ಏನದು ಕೈಯಾಗ? ...ಸೈಬರ್ ಕೆಫೆ ಕಾಗದ? ಯಾವಾಗ ಹೋಗಿದ್ದಿ? ಒಬ್ಬಾಕಿನ?

"ಸೀಟು ರದ್ದು" ಅಂತ ಅದ? ಅವರ ಚೂಕ, ಅವರ ತಪ್ಪ ಅದು! ಸಾವಿರಾರು ಹುಡುಗೋರು, ಹೆಸರು ಅದಲಬದಲ ಆಗಿರ್ತಾವ... ಮಂಗಳವಾರ ಮಧ್ಯಾಹ್ನ ಮೂರಕ್ಕ ರದ್ದಾಗೇದಂತ? ಅವತ್ತ ನೀ ತಡವಳಕ್ಕ ಹೋಗಿದ್ದಿ, ಅಜ್ಜಿಗೆ ಪೇಢೆ ಕೊಡಾಕ. ನಾ ಮನ್ಯಾಗ... ನಾ ಮಲಗಿದ್ದೆ...

ಮಾತಾಡ ಪೂನಮ. ಬೈಯಿ. ಒದರು. ಕಣ್ಣರೆ ತಗಿ ನನ್ನ ಮ್ಯಾಲಿಂದ!

...ಹೂಂ. ನನ್ನ ಫೋನಿಗೆ ಬಂದಿತ್ತು ಓಟಿಪಿ. ಆರ ಅಂಕಿ. ನಾನ ಹಾಕಿದೆ. "ಸೀಟು ಬ್ಯಾಡ" ಅನ್ನೂದರ ಮ್ಯಾಲೆ ಒತ್ತಿದ್ದೂ ನಾನ. ಹೊಳ್ಳಿ ಸಿಗಂಗಿಲ್ಲ ಅಂತ ಗೊತ್ತಿತ್ತು, ಬ್ಯಾರೆ ಯಾರಿಗೋ ಹೋಗ್ತದಂತ ಗೊತ್ತಿತ್ತು.

ನೀ ಹೋಗ್ತಿ ಅಂತಲ್ಲ ಪೂನಮ. ನಿನ್ನ ಆಣಿ, ಅದಕ್ಕಲ್ಲ. ಅವತ್ತ ಅಪ್ಪ "ಆತು" ಅಂದ ನೋಡು... ಅಷ್ಟ ಸಲೀಸ! ಅವಾಗ ತಿಳೀತು ನಂಗ. ಅಪ್ಪ ಹೂಂ ಅನ್ನೂ ಮನಶ್ಯಾ ಇದ್ದ. ಆರ ವರ್ಷದ ಹಿಂದ ವಕೀಲಿ ಕಲೀತೀನಿ ಅಂದಿದ್ರ ನಂಗೂ ಹೂಂ ಅಂತಿದ್ದ.

ನಾನ ಕೇಳಲಿಲ್ಲ.